ಹೊದಿಕೆಯ ಹೊರಗೆ ಒಂದು ಕಾಲು

ಹೊದಿಕೆಯಿಂದ ಕಾಲು ಹೊರಗೆ ಚಾಚಿ ಮಲಗುವ ಧೈರ್ಯ ನನಗೆ ಚಿಕ್ಕಂದಿನಿಂದಲೂ ಇರಲಿಲ್ಲ. ಮಂಚದ ಕೆಳಗಿನಿಂದ ಯಾವುದೋ ಕೈ ಬಂದು ಪಾದ ಹಿಡಿದುಕೊಳ್ಳುತ್ತದೆ ಎಂಬ ಭಯ. ಮದುವೆಯಾಯಿತು, ಮಗಳು ಹುಟ್ಟಿದಳು, ತಿಂಗಳಿಗೆ ಸಂಬಳ ಬರುವ ಕೆಲಸವೂ ಸಿಕ್ಕಿತು, ಈ ಭಯ ಮಾತ್ರ ಹೋಗಲಿಲ್ಲ. ಏಪ್ರಿಲ್ ಸೆಕೆಯಲ್ಲಿ ಬೆವರು ಹರಿದರೂ ಸರಿ, ಎರಡೂ ಪಾದ ಒಳಗೇ ಇರಬೇಕು. "ನಿನ್ ಕಾಲ್ ಎತ್ಕೊಂಡು ಹೋಗಿ ಅದೇನ್ ಕಾಲ್ ಸೂಪ್ ಮಾಡ್ಕೊಂಡ್ ಕುಡಿಯುತ್ತಾ?" ಎಂದು ನನ್ನ ಗಂಡ ನಗುತ್ತಿದ್ದರು. ನಗುವವರಿಗೇನು, ಅವರು ಮಲಗಿದರೆ ಮರದ ದಿಮ್ಮಿ.

ನನ್ನ ಕೆಲಸ ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ, ರಾತ್ರಿ ಪಾಳಿ. ದೊಡ್ಡಬಳ್ಳಾಪುರದ ಕಡೆಯ ಗುಲಾಬಿ, ದ್ರಾಕ್ಷಿ, ಕರಿಬೇವು ಎಲ್ಲ ಪೆಟ್ಟಿಗೆಗಳಲ್ಲಿ ಬಂದು ವಿಮಾನ ಹತ್ತುತ್ತವೆ. ಪೆಟ್ಟಿಗೆಯ ಮೇಲಿನ ಚೀಟಿಗೂ ಕಾಗದಪತ್ರಕ್ಕೂ ತಾಳೆ ನೋಡುವುದು ನನ್ನ ಪಾಲಿನದು. ಕೋಲ್ಡ್ ರೂಮಿನೊಳಗೆ ಹೋಗುವಾಗ ತಲೆಗೂ ಮುಸುಕು ಬರುವ ದಪ್ಪ ಜಾಕೆಟ್ ಹಾಕಿಕೊಳ್ಳಬೇಕು. ಅದನ್ನು ಹಾಕಿಕೊಂಡರೆ ಯಾರು ಯಾರೆಂದು ತಿಳಿಯುವುದಿಲ್ಲ, ಎಲ್ಲರೂ ಒಂದೇ. ಬೆಳಗ್ಗೆ ಕಂಪನಿಯ ಗಾಡಿ ಚಿಕ್ಕಜಾಲ ದಾಟಿ, ಕೆಲಸಕ್ಕೆ ಹೊರಟವರ ವಾಹನಗಳ ಸಾಲಿನ ಪಕ್ಕದಲ್ಲೇ ತಂದು ನನ್ನನ್ನು ಕೋಗಿಲಿನಲ್ಲಿ ಇಳಿಸುತ್ತದೆ. ಊರು ಏಳುವ ಹೊತ್ತಿಗೆ ನಾನು ಮಲಗಬೇಕು.

ಗಂಡನ ಮನೆಯವರು ಕೋಗಿಲು ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿಯವರು. ದನ ಕಟ್ಟುತ್ತಿದ್ದ ಜಾಗದಲ್ಲಿ ಈಗ ಮನೆ, ಅಂಗಳವಿದ್ದಲ್ಲಿ ಸಂಪು. ನೆಲದೊಳಗೆ ಆಳುದ್ದದ ಸಿಮೆಂಟಿನ ತೊಟ್ಟಿ, ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಅದಕ್ಕೊಂದು ಕಬ್ಬಿಣದ ಮುಚ್ಚಳ. ನಲ್ಲಿ ನೀರು ನಂಬುವ ಹಾಗಿಲ್ಲ, ಟ್ಯಾಂಕರ್ ಬರುತ್ತದೆ, ಸಂಪಿನೊಳಕ್ಕೆ ಪೈಪು ಬಿಟ್ಟು ತುಂಬಿಸಿ ಹೋಗುತ್ತದೆ. ಆ ಹೊತ್ತಿನಲ್ಲಿ ನನ್ನ ಅತ್ತೆ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು, ಬಂದೋಬಸ್ತಿಗೆ ಬಂದ ಪೊಲೀಸಿನವರ ಹಾಗೆ ಮುಚ್ಚಳದ ಪಕ್ಕದಲ್ಲೇ ನಿಲ್ಲುತ್ತಿದ್ದರು. ಮಗಳಿಗೆ ಆಗ ಮೂರು ತುಂಬುತ್ತಿತ್ತು. ಎಲ್ಲಿದ್ದಾಳೆ ಎಂದು ತಿಳಿಯಲಿ ಎಂದೇ ಅವಳ ಕಾಲಿಗೆ ಅತ್ತೆ ಗೆಜ್ಜೆ ಹಾಕಿಸಿದ್ದರು.

ಮೊದಲ ಸಲ ಅದು ಬಂದದ್ದು ಪಾಳಿಗೆ ಸೇರಿದ ಹೊಸತರಲ್ಲಿ, ಮಟಮಟ ಮಧ್ಯಾಹ್ನ. ಎಚ್ಚರವಾಯಿತು. ಪರದೆಯ ಸಂದಿಯಿಂದ ಬಿಸಿಲಿನ ಗೆರೆಯೊಂದು ಗೋಡೆಗೆ ಬಿದ್ದಿತ್ತು. ಫ್ಯಾನು ತಿರುಗುತ್ತಿತ್ತು. ಅಡುಗೆಮನೆಯಲ್ಲಿ ಅತ್ತೆ ಮಗಳಿಗೆ ಏನೋ ಹೇಳುತ್ತಾ ಸೊಪ್ಪು ಬಿಡಿಸುತ್ತಿರುವುದು ಕೇಳಿಸುತ್ತಿತ್ತು. ಏಳೋಣ ಎಂದುಕೊಂಡೆ, ಮೈ ಏಳಲಿಲ್ಲ. ಕೈ ಎತ್ತೋಣ ಎಂದುಕೊಂಡೆ, ಕೈ ನನ್ನದಲ್ಲ ಎನ್ನುವ ಹಾಗೆ ಬಿದ್ದಿತ್ತು. ಆಮೇಲೆ ಬೀರುವಿನ ಪಕ್ಕ ಯಾರೋ ನಿಂತಿರುವುದು ಗೊತ್ತಾಯಿತು. ನೋಡುವುದಕ್ಕೆ ಮೊದಲೇ ಗೊತ್ತಾಯಿತು, ಅದೇ ಹೆಚ್ಚು ಭಯ. ನಮ್ಮ ಕೋಲ್ಡ್ ರೂಮಿನ ಜಾಕೆಟ್ ಹಾಕಿಕೊಂಡು, ಮುಸುಕು ಎಳೆದುಕೊಂಡಿತ್ತು. ಮುಸುಕಿನೊಳಗೆ ಮುಖ ಇರಲಿಲ್ಲ. ಅದು ನಡೆದು ಬಂದು ಮಂಚದ ಅಂಚಿಗೆ ಕುಳಿತಾಗ ಹಾಸಿಗೆ ಆ ಕಡೆ ತಗ್ಗಿತು. ಎದೆಯ ಮೇಲೆ ಅಕ್ಕಿ ಮೂಟೆ ಇಟ್ಟಂತಾಯಿತು. ಕಿರುಚುತ್ತಿದ್ದೇನೆ ಎಂದುಕೊಂಡೆ. ಹೊರಗೆ ಬಂದದ್ದು ಮೂಗಿನೊಳಗಿನ ಒಂದು ಮುಲುಕು ಅಷ್ಟೇ.

ಅಷ್ಟಕ್ಕೇ ಅತ್ತೆ ಓಡಿ ಬಂದರು. ಅವರ ಕಡೆ ಮಲಗಿದವರನ್ನು ಭುಜ ಅಲುಗಿಸಿ ಎಬ್ಬಿಸುವ ಪದ್ಧತಿಯಿಲ್ಲ, ಕಾಲಿನ ಹೆಬ್ಬೆರಳು ಹಿಡಿದು ಮೆಲ್ಲಗೆ ಎಳೆಯುತ್ತಾರೆ. ನಿದ್ದೆಯಲ್ಲಿ ಆಚೆ ಹೋದ ಜೀವ ಕಾಲಿನ ಕಡೆಯಿಂದಲೇ ಒಳಗೆ ಬರುತ್ತದಂತೆ, ತಲೆಯ ಕಡೆ ಗಾಬರಿ ಮಾಡಿದರೆ ದಾರಿ ತಪ್ಪುತ್ತದಂತೆ. ಅವರು ಹೊದಿಕೆಯೊಳಗೆ ಕೈ ತೂರಿಸಿ ನನ್ನ ಹೆಬ್ಬೆರಳು ಹಿಡಿದರು. ಮೊದಲೇ ಕಾಲಿನ ಭಯದವಳು ನಾನು! ಮೈಗೆ ಜೀವ ಬಂದದ್ದೇ ತಡ, ಬೀದಿಗೆಲ್ಲ ಕೇಳುವ ಹಾಗೆ ಚೀರಿದೆ.

"ಅಮುಕ್ತಾ?" ಎಂದರು ಅತ್ತೆ, ಹಾಲು ಬಂತಾ ಎಂದು ಕೇಳುವಷ್ಟು ಸಲೀಸಾಗಿ. "ನಮ್ ದೊಡ್ಡವ್ವಂಗೂ ಇಂಗೇ ಅಮುಕ್ತಿತ್ತು ಕಣಮ್ಮ. ಏನೂ ಆಗಾಕಿಲ್ಲ, ಸುಮ್ಕಿರು."

ಸಂಜೆಯೊಳಗೆ ನನ್ನ ದಿಂಬಿನ ಕೆಳಗೆ ಕುಡುಗೋಲು ಬಂತು, ಮಂಚದ ಕಾಲಿಗೆ ಪೊರಕೆ ಒರಗಿತು, ನಿಂಬೆಹಣ್ಣೊಂದು ಬೀರುವಿನ ಮೇಲೆ ಕುಳಿತಿತು. ನಿಂಬೆಹಣ್ಣು ಒಣಗಿ ಕರಿಬಣ್ಣಕ್ಕೆ ಬಂದರೂ ಆ ಮುಸುಕಿನದು ಬರುವುದನ್ನು ನಿಲ್ಲಿಸಲಿಲ್ಲ. ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಕುಡುಗೋಲಿನ ಹಿಡಿ ಕಿವಿಗೆ ಒತ್ತಿ ನೋವಾದದ್ದೇ ಲಾಭ. ಮಲಗುವ ಹೊತ್ತು ಹತ್ತಿರವಾದರೆ ಸಾಕು, ಬೇಕೆಂದೇ ಬಟ್ಟೆ ಮಡಿಸುತ್ತಾ, ಒಲೆ ಒರೆಸುತ್ತಾ ನಿದ್ದೆಯನ್ನು ಮುಂದೂಡುತ್ತಿದ್ದೆ. ನಿದ್ದೆ ಕಡಿಮೆಯಾದಷ್ಟೂ ಅದು ಹೆಚ್ಚು ಬರುತ್ತದೆ ಎಂದು ಹೇಳುವವರು ಆಗ ಯಾರೂ ಇರಲಿಲ್ಲ.

ಹೇಳಿದವನು ಬೇರೆಯೇ ಹೇಳಿದ. ನಮ್ಮ ಪಾಳಿಯಲ್ಲಿ ಆರ್.ಟಿ. ನಗರದ ಹುಡುಗನೊಬ್ಬನಿದ್ದ. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಮೇಲಿನವರ ಜೊತೆ ಇಂಗ್ಲಿಷು. ಚಹಾ ಕುಡಿಯುವಾಗ ಒಂದು ದಿನ ನಾನು ಮುಸುಕಿನವನ ವಿಷಯ ಬಾಯಿ ಬಿಟ್ಟೆ. ಅವನು ಲೋಟ ಕೆಳಗಿಟ್ಟು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ, ನನಗೆ ಲಾಟರಿ ಹೊಡೆದಂತೆ.

"ಅಕ್ಕ, ಡರೋ ನಕ್ಕೋ. ಹೆದರ್ಕೋಬೇಡಿ. ಅದು ಸ್ಲೀಪ್ ಪ್ಯಾರಾಲಿಸಿಸ್, ನಿದ್ದೇಲಿ ಮೈ ಲಾಕ್ ಆಗೋದು. ಅದು ಬರ್ಲಿ ಅಂತ ಜನ ವರ್ಷಗಟ್ಲೆ ಟ್ರೈ ಮಾಡ್ತಾರೆ, ನಿಮ್ಗೆ ಫ್ರೀಯಾಗಿ ಬರ್ತಿದೆ! ಅದು ಬಾಗ್ಲು ಅಕ್ಕ. ಅದನ್ನ ದಾಟಿದ್ರೆ ಲೂಸಿಡ್ ಡ್ರೀಮ್."

ಕನಸು ಕಾಣುತ್ತಿರುವಾಗಲೇ ಇದು ಕನಸು ಎಂದು ಗೊತ್ತಾಗುವುದು, ಗೊತ್ತಾದ ಮೇಲೆ ಅದರೊಳಗೆ ಬೇಕಾದಂತೆ ಓಡಾಡುವುದು: ಅದು ಲೂಸಿಡ್ ಡ್ರೀಮ್ ಎಂದು ಅವನೇ ಬಿಡಿಸಿ ಹೇಳಿದ. ಅದರ ಹುಚ್ಚು ಹಿಡಿದವರ ಗುಂಪೊಂದು ಅವನ ಮೊಬೈಲಿನಲ್ಲಿತ್ತು. ಯಶವಂತಪುರದವರು, ಹೆಬ್ಬಾಳದವರು, ಮುಖ ಕಾಣದ ಇನ್ನೂ ಎಷ್ಟೋ ಜನ. ನನ್ನನ್ನೂ ಸೇರಿಸಿದ. ನಿಜ ಹೇಳಬೇಕೆಂದರೆ ನನಗೆ ಕನಸಿನಲ್ಲಿ ಹಾರಾಡುವ ಆಸೆಯೇನೂ ಇರಲಿಲ್ಲ. ಮಂಚದ ಅಂಚಿಗೆ ಬಂದು ಕೂರುವುದು ದೆವ್ವವಲ್ಲ, ಕಾಯಿಲೆಯೂ ಅಲ್ಲ, ಅದು ನನ್ನ ಹೆಚ್ಚುಗಾರಿಕೆ ಎಂದು ಯಾರೋ ಹೇಳಿದರಲ್ಲ, ಅಷ್ಟಕ್ಕೇ ಕಣ್ಣು ತುಂಬಿ ಬಂತು. ಹೆದರಿದವರಿಗೆ ಯಾವ ಹುಲ್ಲುಕಡ್ಡಿಯಾದರೂ ಸರಿ.

ಆ ಗುಂಪಿನ ನೇಮಗಳು ನಮ್ಮ ಕಡೆಯ ವ್ರತಗಳಿಗಿಂತ ಕಠಿಣ. ಅಂಗಾತ ಮಲಗಬೇಕು. ಮೂಗು ತುರಿಸಿದರೂ ಕೆರೆದುಕೊಳ್ಳುವಂತಿಲ್ಲ, ಅಲುಗಾಡಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ನಿದ್ದೆಯ ನಡುವೆ ಅಲಾರಂ ಇಟ್ಟು ಎದ್ದು, ಸ್ವಲ್ಪ ಹೊತ್ತು ಎಚ್ಚರವಿದ್ದು ಮತ್ತೆ ಮಲಗಬೇಕು. ಪ್ಯಾರಾಲಿಸಿಸ್ ಬಂದಾಗ ಹೊರಗಿನವರು ಯಾರೂ ಮುಟ್ಟಬಾರದು, ಮುಟ್ಟಿದರೆ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು ಆಚೆಗೂ ಇಲ್ಲ ಈಚೆಗೂ ಇಲ್ಲ ಆಗುತ್ತೇವೆ. ಎಲ್ಲಕ್ಕಿಂತ ಮುಖ್ಯ, ಆಗ ಕಾಣುವುದೂ ಕೇಳುವುದೂ ಎಲ್ಲ ಸುಳ್ಳು, ಯಾವುದನ್ನೂ ನಂಬಬಾರದು. ಈಗ ಯೋಚಿಸಿದರೆ ಅತ್ತೆಯ ಕುಡುಗೋಲಿಗೂ ಇದಕ್ಕೂ ಏನು ವ್ಯತ್ಯಾಸ? ಆದರೆ ಇದು ಮೊಬೈಲಿನಲ್ಲಿ ಬಂದಿತ್ತು, ಇಂಗ್ಲಿಷಿನಲ್ಲಿತ್ತು, ಯಾರೂ ನಿಂಬೆಹಣ್ಣು ಕೇಳಲಿಲ್ಲ.

ಒಂದು ಸಲ ಅಂಥ ಕನಸು ಬಿದ್ದೂ ಬಿಟ್ಟಿತು. ನಮ್ಮ ಶೆಡ್ಡಿನಲ್ಲಿ ನಿಂತಿದ್ದೇನೆ. ಗುಲಾಬಿ ಪೆಟ್ಟಿಗೆಗಳೆಲ್ಲ ತೆರೆದಿವೆ. ಪೆಟ್ಟಿಗೆ ತೆರೆದಿಟ್ಟರೆ ಸೂಪರ್‌ವೈಸರು ಸುಮ್ಮನಿರುವುದುಂಟೇ, ಹಾಗಾದರೆ ಇದು ಕನಸು ಎಂದು ಗೊತ್ತಾಯಿತು. ಗೊತ್ತಾದ ಆ ಗಳಿಗೆಯಲ್ಲಿ ಹೂಗಳ ಬಣ್ಣ ಎದ್ದು ಬಂತು. ನಾನು ನಡೆದುಕೊಂಡು ಹೊರಗೆ ಹೋದೆ. ಹೊರಗೆ ನಡುಹಗಲಿತ್ತು. ಶೆಡ್ಡಿನ ಹೊರಗೆ ನಡುಹಗಲನ್ನು ನಾನು ನೋಡಿಯೇ ಇರಲಿಲ್ಲ. ಎದ್ದಾಗ ಬಹಳ ಹೊತ್ತು ಸಂತೋಷವಾಗಿತ್ತು. ವಾರದ ರಜೆಯಲ್ಲಿ, ರಾತ್ರಿಯೆಲ್ಲ ಚೆನ್ನಾಗಿ ನಿದ್ದೆ ಮಾಡಿ, ಬೆಳಗಿನ ಜಾವದ ಮಂಪರಿನಲ್ಲಿ ಬಿದ್ದ ಕನಸು ಅದು. ಮುಸುಕಿನವನು ಅವತ್ತು ಬಂದಿರಲೇ ಇಲ್ಲ. ಆದರೂ ಆ ಕನಸಿನ ಪುಣ್ಯವನ್ನೆಲ್ಲ ನಾನು ಅವನ ಲೆಕ್ಕಕ್ಕೇ ಬರೆದೆ. ಎಲ್ಲ ಬಾಗಿಲಿನ ಮಹಿಮೆ ಎಂದುಕೊಂಡೆ.

ಆಮೇಲೆ ನಮ್ಮ ಮನೆಗೆ ನನ್ನ ಕಾನೂನುಗಳು ಬಂದವು. ನಾನು ಮಲಗಿದಾಗ ಕುಕ್ಕರ್ ಕೂಗಿಸಬಾರದು. ಮೊಬೈಲು ಮೂಕ. ಮುಂಬಾಗಿಲಿನ ಚಿಲಕ ಕಿರ್ರೆನ್ನುತ್ತದೆ, ಹಾಕಬಾರದು, ಬಾಗಿಲು ಎಳೆದುಕೊಂಡರೆ ಸಾಕು. ನಾನು ಮುಲುಗಿದರೂ ಯಾರೂ ಹತ್ತಿರ ಬರಬಾರದು.

"ಮುಟ್ಬಾರ್ದಾ? ಯಾಕವ್ವಾ, ನೀನೇನ್ ಮಡೀಲಿದ್ದೀಯಾ?" ಎಂದರು ಅತ್ತೆ.

"ಹಾಗಲ್ಲ ಅತ್ತೆ, ಅದಕ್ಕೊಂದು ಕ್ರಮ ಇದೆ. ನೀವು ಕಾಲು ಹಿಡಿದ್ರೆ ಎಲ್ಲ ಕೆಟ್ಟೋಗುತ್ತೆ."

"ಅಂಗಾರೆ ಬಿದ್ಕೊಂಡ್ ಮುಲುಗು," ಎಂದು ಅವರು ಮೊರ ಎತ್ತಿಕೊಂಡು ಎದ್ದು ಹೋದರು. ಅವತ್ತಿನಿಂದ ನನ್ನ ಹೆಬ್ಬೆರಳಿನ ಮೇಲೆ ಅವರಿಗಿದ್ದ ಹಕ್ಕು ಹೋಯಿತು. ಮೊಮ್ಮಗಳನ್ನು ಮಾತ್ರ ಹಾಗೆಯೇ ಎಬ್ಬಿಸುತ್ತಿದ್ದರು. ಅವಳು ನಗುತ್ತಾ ಕಾಲು ಎಳೆದುಕೊಳ್ಳುತ್ತಿದ್ದಳು. ತನ್ನ ಗೊಂಬೆಯನ್ನೂ ಕಾಲು ಹಿಡಿದೇ ಎಬ್ಬಿಸುತ್ತಿದ್ದಳು.

ನಡುವೆ ಎದ್ದು ಮಲಗಿ, ಅಂಗಾತ ಮಲಗಿ, ಇದ್ದ ನಾಲ್ಕು ಕಾಸಿನ ನಿದ್ದೆಯನ್ನೂ ನಾನೇ ಕತ್ತರಿಸಿ ಹಾಕಿದೆ. ಅದು ಈಗ ಹೆಚ್ಚು ಕಡಿಮೆ ದಿನಾ ಬರತೊಡಗಿತು. ಗುಂಪಿನಲ್ಲಿ ನನಗೆ ಮರ್ಯಾದೆಯೋ ಮರ್ಯಾದೆ. ಕನಸು ಮಾತ್ರ ಮತ್ತೆ ಬೀಳಲಿಲ್ಲ. ಮುಸುಕಿನವನು ಬಂದು, ಕುಳಿತು, ಎದೆಯ ಮೇಲೆ ಭಾರ ಇಟ್ಟು ಎದ್ದು ಹೋಗುತ್ತಿದ್ದ. ನಾನು ಮೂಗು ತುರಿಸಿಕೊಳ್ಳದೆ, ಉಸಿರು ಸಿಕ್ಕದೆ, ಬಾಗಿಲು ಈಗ ತೆಗೆಯುತ್ತದೆ ಇನ್ನೇನು ತೆಗೆಯುತ್ತದೆ ಎಂದು ಒಳಗೊಳಗೇ ನಡುಗುತ್ತಾ ಬಿದ್ದಿರುತ್ತಿದ್ದೆ.

ಒಂದು ಮಧ್ಯಾಹ್ನ ಅವನು ಕುಳಿತುಕೊಳ್ಳಲಿಲ್ಲ. ಮಂಚದ ಆ ಬದಿಗೆ ಹೋದ. ಅಲ್ಲಿ ಮಲಗಿದ್ದ ಮಗಳನ್ನು ಎಬ್ಬಿಸಿ ಕೈ ಹಿಡಿದುಕೊಂಡ. ಗೆಜ್ಜೆಯ ಸದ್ದು ಹಜಾರಕ್ಕೆ ಹೋಯಿತು, ಹಜಾರದಿಂದ ಹೊರಗೆ ಹೋಯಿತು. ಸಂಪಿನ ಮುಚ್ಚಳ ಸಿಮೆಂಟಿಗೆ ಉಜ್ಜಿದ ಸದ್ದು ಬಂತು. ಆಮೇಲೆ ನೀರಿನ ಸದ್ದು. ಮೈ ಬಿಡಿಸಿಕೊಂಡ ತಕ್ಷಣ ನಾನು ಹೇಗೆ ಓಡಿದೆನೋ ದೇವರಿಗೇ ಗೊತ್ತು. ಹಜಾರದಲ್ಲಿ ಮಗಳು ಅಜ್ಜಿಯ ತೊಡೆಯ ಮೇಲೆ ಕುಳಿತು ಮೊಸರನ್ನ ತಿನ್ನುತ್ತಿದ್ದಳು. ಅವಳು ಅವತ್ತು ನನ್ನ ಪಕ್ಕದಲ್ಲಿ ಮಲಗಿಯೇ ಇರಲಿಲ್ಲ. ನಾನು ಅವಳನ್ನು ಕಸಿದುಕೊಂಡು ಅತ್ತದ್ದಕ್ಕೆ ಅವಳೂ ಅತ್ತಳು, ಅನ್ನವೆಲ್ಲ ನೆಲಕ್ಕೆ ಬಿತ್ತು.

ಮತ್ತೆ ಬಂತು, ಮತ್ತೆ ಬಂತು, ಅದೇ ಗೆಜ್ಜೆ, ಅದೇ ಮುಚ್ಚಳ. ಪ್ರತಿಸಲವೂ ಸುಳ್ಳು. ತಡೆಯಲಾರದೆ ಆ ಹುಡುಗನಿಗೆ ಹೇಳಿದೆ.

"ಅದು ಟೆಸ್ಟ್ ಅಕ್ಕ," ಎಂದ. "ನಿಮ್ಗೆ ಯಾವ್ದು ಜಾಸ್ತಿ ಭಯವೋ ಅದನ್ನೇ ತೋರ್ಸುತ್ತೆ. ನೀವು ಎದ್ದು ಓಡಿದ್ರೆ ಅದು ಗೆದ್ದಂಗೆ. ಮುಂದಿನ್ ಸಲ ಅಲುಗಾಡ್ಬೇಡಿ. ಸುಳ್ಳು ಸುಳ್ಳು ಅಂತ ಅಂದ್ಕೊಳ್ಳಿ. ಬಾಗ್ಲು ಓಪನ್ ಆಗಿಬಿಡುತ್ತೆ."

ನಾನು ಹಾಗೇ ಅಭ್ಯಾಸ ಮಾಡಿದೆ. ಹೆತ್ತ ಮಗು ನೀರಿಗೆ ಬೀಳುವ ಸದ್ದು ಕೇಳಿಯೂ ಮಲಗಿರುವ ಅಭ್ಯಾಸ.

ಅವತ್ತು ಹಿಂದಿನ ಬೀದಿಯಲ್ಲಿ ಸೀಮಂತ. ಅತ್ತೆ ರೇಷ್ಮೆ ಸೀರೆಯುಟ್ಟು, ಹೂ ಮುಡಿದು, ನನ್ನ ಕೋಣೆಯ ಬಾಗಿಲಲ್ಲಿ ನಿಂತು ಪಿಸುಗುಟ್ಟಿದರು. "ಪಾಪು ನಿನ್ ಪಕ್ದಲ್ಲೇ ಮಲಗೈತೆ. ಅರಿಸಿನ ಕುಂಕುಮ ಇಸ್ಕೊಂಡು ಓಡ್ ಬತ್ತೀನಿ. ಒರಗಿಂದ ಚಿಲ್ಕ ಆಕ್ಲಾ?"

"ಬೇಡ ಅತ್ತೆ, ಸದ್ದಾಗುತ್ತೆ," ಎಂದೆ ಕಣ್ಣು ಮುಚ್ಚಿಕೊಂಡೇ. ಟ್ಯಾಂಕರ್ ಬರಬೇಕಾದದ್ದು ಮಾರನೆಯ ದಿನ.

ಎಷ್ಟು ಹೊತ್ತಾಗಿತ್ತೋ ತಿಳಿಯದು. ಎಚ್ಚರವಾದಾಗ ಮೈ ಹೋಗಿತ್ತು. ಹೊರಗೆ ದೊಡ್ಡ ಗಾಡಿಯೊಂದು ಹಿಂದಕ್ಕೆ ಬರುವ ಪೀಂ ಪೀಂ. ಗೇಟು. ಆಮೇಲೆ ಕಬ್ಬಿಣ ಸಿಮೆಂಟಿಗೆ ಉಜ್ಜುವ ಆ ಸದ್ದು. ನೀರು ಧೋ ಎಂದು ಸಂಪಿಗೆ ಸುರಿಯತೊಡಗಿತು. ನಾನು ಶುರು ಮಾಡಿದೆ: ಸುಳ್ಳು, ಸುಳ್ಳು, ಎಲ್ಲ ಸುಳ್ಳು. ಮುಸುಕಿನವನು ಬಂದು ಮಂಚದ ಅಂಚಿಗೆ ಕುಳಿತ. ಹಾಸಿಗೆ ತಗ್ಗಿತು. ಇನ್ನೊಂದು ಬದಿಯಲ್ಲಿ ಪುಟ್ಟದಾಗಿ ಏನೋ ಹೊರಳಿತು, ಮಂಚದಿಂದ ಜಾರಿ ಇಳಿಯಿತು. ಗೆಜ್ಜೆ. ಹಜಾರದ ಕಡೆ ಹೋಯಿತು. ಮುಂಬಾಗಿಲು ಮೆಲ್ಲಗೆ ಸರಿದದ್ದು ಕೇಳಿಸಿತು. ಸುಳ್ಳು ಎಂದುಕೊಂಡೆ. ಟೆಸ್ಟು ಎಂದುಕೊಂಡೆ. ಇವತ್ತು ಓಡಬಾರದು, ಇವತ್ತು ಗೆಲ್ಲಬೇಕು.

ಆಗ ಡೀಸೆಲ್ ವಾಸನೆ ಬಂತು. ಒದ್ದೆ ಸಿಮೆಂಟಿನ ವಾಸನೆಯೂ ಬಂತು. ಇಷ್ಟು ದಿನ ಯಾವತ್ತೂ ವಾಸನೆ ಬಂದಿರಲಿಲ್ಲ. ಆಮೇಲೆ ಇನ್ನೊಂದು ವಿಷಯ ಹೊಳೆಯಿತು. ಮುಸುಕಿನವನು ಎದ್ದಿರಲಿಲ್ಲ. ಅವನು ಇನ್ನೂ ನನ್ನ ಪಕ್ಕದಲ್ಲೇ, ಮಂಚದ ಅಂಚಿನಲ್ಲೇ ಕುಳಿತಿದ್ದ. ಹಾಗಾದರೆ ಮಗಳು ಹೊರಗೆ ಹೋದದ್ದು ಯಾರ ಜೊತೆ?

ಯಾರ ಜೊತೆಯೂ ಅಲ್ಲ. ಒಬ್ಬಳೇ ಹೋಗಿದ್ದಳು.

ಹಗ್ಗವನ್ನು ಹಾವೆಂದು ಹೆದರಿದವರ ಕಥೆ ಎಲ್ಲರಿಗೂ ಗೊತ್ತು. ಹಾವನ್ನು ಹಗ್ಗ ಎಂದುಕೊಂಡು ಮಲಗಿದವಳು ನಾನೊಬ್ಬಳೇ ಇರಬೇಕು. ಏಳು ಎಂದೆ ಮೈಗೆ. ಬೇಡಿಕೊಂಡೆ, ಬೈದೆ. ಒಂದು ಬೆರಳೂ ಅಲುಗಲಿಲ್ಲ. ಉಸಿರು ಕೂಡ ತನ್ನ ಪಾಡಿಗೆ ತಾನು ನಿಧಾನವಾಗಿ ಬಂದು ಹೋಗುತ್ತಿತ್ತು, ನನ್ನ ಅವಸರ ಅದಕ್ಕೆ ತಿಳಿದೇ ಇಲ್ಲ ಎನ್ನುವಂತೆ. ಅಂಗಳದಲ್ಲಿ ಗೆಜ್ಜೆ ಕೇಳಿಸುತ್ತಿತ್ತು. ನಾಲ್ಕು ಹೆಜ್ಜೆ, ನಿಂತಿತು. ಮತ್ತೆರಡು ಹೆಜ್ಜೆ. ಅಷ್ಟರಲ್ಲಿ ನೀರು ಸುರಿಯುವ ಸದ್ದು ನಿಂತಿತು. ಗೆಜ್ಜೆಯೂ ನಿಂತಿತು.

ಏನೂ ಕೇಳಿಸಲಿಲ್ಲ. ಫ್ಯಾನು ತಿರುಗುತ್ತಿತ್ತು. ಹೊರಗೆ ಏನೂ ಇಲ್ಲ. ಇಷ್ಟು ದಿನ ಬಿದ್ದ ಸದ್ದು ಕೇಳಿ ಹೆದರಿದ್ದೆ. ಯಾವ ಸದ್ದೂ ಇಲ್ಲದಿರುವುದು ಅದಕ್ಕಿಂತ ಹೆಚ್ಚಿನ ಭಯ ಎಂದು ನನಗೆ ಗೊತ್ತಿರಲಿಲ್ಲ. ಅವಳು ಇಲ್ಲ ಎಂದುಕೊಂಡೆ. ಹಾಗೆಂದು ಸ್ಪಷ್ಟವಾಗಿ, ಮಾತಿನಲ್ಲೇ ಅಂದುಕೊಂಡೆ. ಅಂದುಕೊಂಡು ಅಲ್ಲೇ ಬಿದ್ದಿದ್ದೆ.

ಹೊದಿಕೆಯ ಕೆಳಗೆ, ಕಾಲಿನ ಕಡೆಯಿಂದ, ತಣ್ಣನೆಯ ಒಂದು ಕೈ ಒಳಗೆ ಬಂತು.

ಒದ್ದೆಯಾದ, ಪುಟ್ಟ ಕೈ. ಪಾದವನ್ನು ತಡವಿತು. ಹೆಬ್ಬೆರಳನ್ನು ಹುಡುಕಿ ಹಿಡಿದು ಎಳೆಯಿತು. ಹುಟ್ಟಿದಾಗಿನಿಂದ ಯಾವುದಕ್ಕೆ ಹೆದರಿ ಕಾಲು ಮುಚ್ಚಿಕೊಂಡಿದ್ದೆನೋ ಅದು ಕೊನೆಗೂ ಬಂದಿತ್ತು. ನನ್ನ ಮೈ ಝಲ್ಲೆಂದು ಬಿಟ್ಟುಕೊಂಡಿತು. ಎದ್ದು ಕುಳಿತೆ. ಮಂಚದ ಕಾಲ ಬಳಿ ಮಗಳು ನಿಂತಿದ್ದಳು. ಅವಳ ಗೆಜ್ಜೆ ಒಳಗೆ ಬಂದದ್ದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

"ಏಳಮ್ಮ," ಎಂದಳು. "ನೀರಲ್ಲಿ ಪಾಪು ಐತೆ."

ಅವಳು ಬದುಕಿದ್ದಾಳೆ ಎಂದು ಉಸಿರು ಬಿಡುವುದಕ್ಕೂ ಬಿಡುವಿಲ್ಲ, ಆ ಮಾತು ಕಿವಿಗೆ ಬಿತ್ತು. ಯಾರ ಮನೆಯ ಮಗುವೋ ಬಿದ್ದಿದೆ! ಅವಳನ್ನು ಎತ್ತಿಕೊಂಡು ಹೊರಗೆ ಓಡಿದೆ. ಸಂಪು ಬಾಯಿಯ ತನಕ ತುಂಬಿ, ಅಲೆಯಿಲ್ಲದೆ ನಿಂತಿತ್ತು. ಮಂಡಿಯೂರಿ ಬಗ್ಗಿದೆ. ಒಳಗೆ ಬಿಸಿಲು, ನೀಲಿ ಆಕಾಶ, ಬಗ್ಗಿದ ನನ್ನ ಮುಖ, ನನ್ನ ಕುತ್ತಿಗೆ ತಬ್ಬಿಕೊಂಡ ಅವಳ ಮುಖ.

"ಅದೇ ಪಾಪು," ಎಂದು ಬೆರಳು ತೋರಿಸಿ ನಕ್ಕಳು ಮಗಳು. "ಈಗ ಅಮ್ಮಾನೂ ಬಂತು."

ಮಗುವೊಂದು ತನ್ನ ಮುಖವನ್ನು ನೀರಿನಲ್ಲಿ ಕಾಣಬೇಕಾದರೆ ಎಷ್ಟು ಬಗ್ಗಬೇಕು ಎಂದು ನೀವೇ ಯೋಚಿಸಿ. ಅವಳ ಬಲಗೈಯ ತೋಳು ಮೊಣಕೈಯ ಮೇಲಿನ ತನಕ ಒದ್ದೆಯಾಗಿತ್ತು. ಆ ಪಾಪುವನ್ನು ಹಿಡಿದುಕೊಳ್ಳಲು ಕೈ ಚಾಚಿದ್ದೆಯಾ ಎಂದು ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ. ಕೈಗೆ ಸಿಗಲಿಲ್ಲ ಎಂದು ಅಮ್ಮನನ್ನು ಕರೆಯಲು ಬಂದಳು. ನಾನು ಮಲಗಿದ್ದೆ. ಮಲಗಿದವರನ್ನು ಹೇಗೆ ಎಬ್ಬಿಸಬೇಕು ಎಂದು ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ. ಮುಟ್ಟಬಾರದೆಂಬ ನನ್ನ ಕಾನೂನನ್ನು ಅವಳಿಗೆ ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

ಟ್ಯಾಂಕರಿನವನು ಆ ಕಡೆಯಿಂದ ಪೈಪು ಸುತ್ತಿಕೊಂಡು ಬಂದ, ಕಿವಿಯಲ್ಲಿ ಹಾಡು. "ಏನಾಯ್ತಕ್ಕ? ನಾಳೆ ಗಾಡಿ ಇಲ್ಲ ಅಂತ ಇವತ್ತೇ ತಂದೆ. ಫೋನ್ ಮಾಡ್ದೆ, ನೀವ್ ಎತ್ಲಿಲ್ಲ." ಅಷ್ಟು ಹೊತ್ತಿಗೆ ಗೇಟಿನಲ್ಲಿ ಅತ್ತೆ. ಕೈಯಲ್ಲಿದ್ದ ತಾಂಬೂಲ ಕೆಳಗೆ ಬಿತ್ತು. ಅವನಿಗೂ ಬೈದರು, ನನಗೂ ಬೈದರು, ಸೀಮಂತದ ಮನೆಯವರಿಗೂ ಬೈದರು, ತಮಗೆ ತಾವೇ ಬೈದುಕೊಂಡರು. ಆಮೇಲೆ ಮುಚ್ಚಳ ಎಳೆದು ಮುಚ್ಚಿ, ರೇಷ್ಮೆ ಸೀರೆಯಲ್ಲೇ ಅದರ ಮೇಲೆ ಕುಳಿತುಬಿಟ್ಟರು. ಸಂಜೆ ನನ್ನ ಗಂಡ ಕೆಲಸದಿಂದ ಬಂದು ಕರೆಯುವವರೆಗೂ ಏಳಲಿಲ್ಲ.

ಶೆಡ್ಡಿನಲ್ಲಿ ಆ ಹುಡುಗನನ್ನು ಮೂಲೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಬೈಯಬೇಕೆಂದೇ ಹೋಗಿದ್ದೆ. ಅವನ ಮುಖದ ಬಣ್ಣ ಇಳಿಯಿತು.

"ನಿಂಗೆ ಅದು ಬಂದಾಗ ಏನ್ ಮಾಡ್ತೀಯಾ?" ಎಂದೆ.

ತಲೆ ತಗ್ಗಿಸಿದ. "ನನ್ಗೆ ಒಂದ್ ಸಲಾನೂ ಬಂದಿಲ್ಲ ಅಕ್ಕ. ವಿಡಿಯೋ ನೋಡಿ ಹೇಳ್ತಿದ್ದೆ."

"ಮತ್ತೆ ಕನಸು?"

"ಕನಸು ಬಿದ್ದಿದೆ. ಸುಮ್ನೆ ಬೀಳುತ್ತೆ ಅಕ್ಕ, ಬೆಳಗಿನ್ ಜಾವ. ಬಾಗ್ಲು ಗೀಗ್ಲು ಏನೂ ಇಲ್ಲ."

ನನಗೆ ಅವನನ್ನು ಹೊಡೆಯುವಷ್ಟು ಸಿಟ್ಟು ಬಂತು, ಜೊತೆಗೇ ನಗುವೂ ಬಂತು. ಬಾವಿಗೆ ಇಳಿಯದವನು ಬಾವಿಯ ಆಳ ಹೇಳಿದ್ದ, ನಾನು ಇಳಿದಿದ್ದೆ. ಗುಂಪಿನಲ್ಲಿ ನನ್ನ ಕಥೆ ಬರೆದಾಗ ಒಬ್ಬ ಪುಣ್ಯಾತ್ಮ ಉತ್ತರಿಸಿದ: ಛೆ, ಮಗು ಮುಟ್ಟದಿದ್ದರೆ ಅವತ್ತು ಖಂಡಿತ ದಾಟುತ್ತಿದ್ದಿರಿ. ನಾನು ಗುಂಪು ಬಿಟ್ಟೆ.

ಯಲಹಂಕದ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ಅತ್ತೆಯೂ ಬಂದಿದ್ದರು. ಕನಸು ಬೀಳುವ ನಿದ್ದೆಯಲ್ಲಿ ಮೈ ತಾನಾಗಿಯೇ ಸಡಿಲ ಬೀಳುತ್ತದೆ, ಇಲ್ಲದಿದ್ದರೆ ಕನಸಿನಲ್ಲಿ ಓಡಿದವರೆಲ್ಲ ಮಂಚದಿಂದ ಓಡಿಬಿಡುತ್ತಿದ್ದರು ಎಂದರು ಆಕೆ. ಕೆಲವೊಮ್ಮೆ ಮನಸ್ಸು ಮೊದಲು ಏಳುತ್ತದೆ, ಮೈ ಆಮೇಲೆ. ಆ ನಡುವಿನ ಗಳಿಗೆ ಅದು, ತಾನಾಗಿಯೇ ಬಿಡುತ್ತದೆ, ಯಾರಾದರೂ ಮುಟ್ಟಿದರೆ ಏನೂ ಆಗುವುದಿಲ್ಲ. ಮುಟ್ಟಿದರೆ ಒಳ್ಳೆಯದೇ. ಬಂದಾಗ ಜಗ್ಗಾಡಬೇಡಿ, ಉಸಿರಿನ ಕಡೆ ಗಮನವಿಟ್ಟು ಕಾಲಿನ ಬೆರಳೊಂದನ್ನು ಅಲುಗಿಸಲು ನೋಡಿ ಎಂದರು.

"ಹಾಗಾದ್ರೆ ಆಗ ಕೇಳ್ಸೋದೆಲ್ಲ ಸುಳ್ಳಲ್ವಾ ಡಾಕ್ಟ್ರೇ?"

"ಕನಸೂ ಬೆರೆತಿರುತ್ತೆ, ನಿಜವೂ ಇರುತ್ತೆ. ನೀವು ಆಗ ಎಚ್ಚರವಾಗೇ ಇರ್ತೀರಲ್ಲ, ಕಿವಿ ಕೆಲ್ಸ ಮಾಡ್ತಿರುತ್ತೆ," ಎಂದರು ಆಕೆ. "ನಿಮಗೆ ಬೇಕಿರೋದು ನಿದ್ದೆ ಕಣಮ್ಮ. ಸರಿಯಾಗಿ ಮಲಗಿ."

ದಾರಿಯಲ್ಲಿ ಅತ್ತೆ, "ಕಾಲ್ ಬೆಳ್ಳು ಅಲುಗ್ಸು ಅಂದ್ರಲ್ಲ, ನಾನ್ ಅಂದಿರ್ಲಿಲ್ವಾ?" ಎಂದು ಬೀಗಿದರು. ಅವರು ಹೇಳಿದ್ದು ಜೀವ ಕಾಲಿನ ಕಡೆಯಿಂದ ಬರುತ್ತದೆ ಎಂದು. ಕುಡುಗೋಲಿನ ವಿಷಯ ಡಾಕ್ಟರಮ್ಮ ಏನೂ ಹೇಳಲಿಲ್ಲವಲ್ಲ ಎಂದು ನೆನಪಿಸಿದೆ. ಮುಖ ತಿರುಗಿಸಿಕೊಂಡರು.

ಈಗ ಸಂಪಿನ ಮುಚ್ಚಳಕ್ಕೆ ಬೀಗವಿದೆ. ಮುಂಬಾಗಿಲಿನ ಚಿಲಕ ಕಿರ್ರೆಂದು ಊರಿಗೆಲ್ಲ ಕೇಳುವಂತೆ ಬೀಳುತ್ತದೆ, ಅದಕ್ಕೆ ಎಣ್ಣೆ ಹಾಕಲು ನಾನು ಬಿಟ್ಟಿಲ್ಲ. ಹಗಲು ಪಾಳಿ ಕೇಳಿದ್ದೇನೆ, ಇನ್ನೂ ಸಿಕ್ಕಿಲ್ಲ. ನಿದ್ದೆ ಸ್ವಲ್ಪ ನೆಟ್ಟಗಾಗಿದೆ, ಆದರೂ ನಿದ್ದೆ ಕೆಟ್ಟ ವಾರಗಳಲ್ಲಿ ಮುಸುಕಿನವನು ಬಂದು ಕೂರುವುದುಂಟು. ಭಯ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವನ ಭಯ ಅಷ್ಟಿಲ್ಲ. ನೀರೂ ಗೆಜ್ಜೆಯೂ ಒಟ್ಟಿಗೆ ನಿಂತ ಆ ಗಳಿಗೆಯ ಭಯ ಇದೆ, ಅದು ಬೀರುವಿನ ಪಕ್ಕ ನಿಲ್ಲುವುದಿಲ್ಲ, ನನ್ನ ಜೊತೆಗೇ ಓಡಾಡುತ್ತದೆ.

ಬೆಳಗ್ಗೆ ಬಂದು, ತಿಂಡಿ ತಿಂದು, ಪರದೆ ಎಳೆಯುತ್ತೇನೆ. ಮಗಳು ಅಜ್ಜಿಯ ಹತ್ತಿರ ಇದ್ದಾಳೆ ಎಂದು ಗೆಜ್ಜೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ. "ಅಮ್ಮ ಮುಲುಗಿದ್ರೆ ಏನ್ ಮಾಡ್ತೀಯಾ?" ಎಂದು ಕೇಳಿದರೆ ಅವಳು ಎರಡು ಬೆರಳು ಸೇರಿಸಿ ಎಳೆದು ತೋರಿಸುತ್ತಾಳೆ. ಆಮೇಲೆ ಕತ್ತಿನ ತನಕ ಹೊದ್ದುಕೊಂಡು ಮಲಗುತ್ತೇನೆ. ಒಂದು ಕಾಲನ್ನು ಮಾತ್ರ ಹೊದಿಕೆಯಿಂದ ಹೊರಗೆ, ಮಂಚದ ಅಂಚಿನ ತನಕ ಚಾಚಿಡುತ್ತೇನೆ, ಬಂದು ಹಿಡಿದುಕೊಳ್ಳಲಿ ಎಂದು.